ಅಪ್ಪನ ಬಿಲ್ಲೆಗೆ ಎಲ್ಲರೂ ಬಂದರು, ನಮ್ಮ ಕಾರ್ಡಿಗೆ ಯಾರು ಬರುತ್ತಾರೆ?

ನಮ್ಮಪ್ಪ ರೈಲ್ವೆ ಹಮಾಲಿ. ಕೆಂಪು ಅಂಗಿ, ತಲೆಗೆ ಸುತ್ತಿದ ಟವೆಲ್, ರಟ್ಟೆಗೆ ಕಟ್ಟಿದ ಹಿತ್ತಾಳೆ ಬಿಲ್ಲೆ. ಬಿಲ್ಲೆ ಮೇಲೆ ನಂಬರ್ 31. ಸ್ಟೇಷನ್ನಿನಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚಹಾದ ಅಂಗಡಿಯವನಿಂದ ಹಿಡಿದು ಸ್ಟೇಷನ್ ಮಾಸ್ತರರವರೆಗೆ ಎಲ್ಲರಿಗೂ ಅವನು ‘ಮೂವತ್ತೊಂದು’. ಸಣ್ಣವನಿದ್ದಾಗ ನನಗೆ ಅದು ಅವಮಾನ ಅನ್ನಿಸುತ್ತಿತ್ತು. ಅಪ್ಪನಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೆ ಅವ್ವ ಆ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಂಗಾರದ ಹಾಗೆ ಹೊಳೆಯಿಸಿ, ದೇವರ ಜಗಲಿ ಮೇಲೆ ಇಡುತ್ತಿದ್ದಳು. ಕುಂಕುಮ ಹಚ್ಚುತ್ತಿದ್ದಳು. ಒಕ್ಕಲಿಗನಿಗೆ ನೇಗಿಲು ಹೇಗೋ ನಮ್ಮ ಮನೆಗೆ ಆ ಬಿಲ್ಲೆ ಹಾಗೆ.

ಅಪ್ಪ ತೀರಿಕೊಂಡ ದಿನ ಬೆಳಿಗ್ಗೆಯಿಂದಲೇ ಕೆಂಪು ಅಂಗಿಯವರು ಒಬ್ಬೊಬ್ಬರಾಗಿ ನಮ್ಮ ಓಣಿಗೆ ಬಂದರು. ಎಲ್ಲರ ರಟ್ಟೆಯಲ್ಲೂ ಬಿಲ್ಲೆ ಇತ್ತು. ಆ ಹೊತ್ತಿಗೆ ಎರಡು ಗಾಡಿ ಬಂದು ಹೋದವು, ಒಬ್ಬನೂ ಪ್ಲಾಟ್‌ಫಾರ್ಮಿಗೆ ಹೋಗಲಿಲ್ಲ. ಒಂದು ಟವೆಲ್ ಹಾಸಿದರು. ಬಂದವರು ಬಂದಂತೆ ಅದರಲ್ಲಿ ದುಡ್ಡು ಹಾಕಿದರು, ಯಾರು ಎಷ್ಟು ಹಾಕಿದರೆಂದು ಯಾರೂ ನೋಡಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರೂ ಅವರೇ. ಭಾರ ಹೊರುವುದು ಅವರಿಗೆ ಗೊತ್ತಿತ್ತು.

ದಿನಕರ್ಮ ಮುಗಿದ ಮೇಲೆ ಅವರಲ್ಲಿ ಹಿರಿಯ ಕಾಕಾ ನನ್ನನ್ನು ಪಕ್ಕಕ್ಕೆ ಕರೆದ. "ತಮ್ಮಾ, ಬಿಲ್ಲೆ ನಿನ್ನ ಹೆಸರಿಗಿ ಮಾಡಿಸ್ಕೋ. ಸಾಹೇಬ್ರಿಗಿ ನಾವು ಹೇಳ್ತೀವಿ. ಇದ್ದೂರಾಗ ಅನ್ನ ಹುಟ್ಟತೈತಿ" ಎಂದ. ಹಮಾಲಿಯ ಬಿಲ್ಲೆಯನ್ನು ಮಗನ ಹೆಸರಿಗೆ ಮಾಡಲು ರೈಲ್ವೆಯಲ್ಲಿ ಅವಕಾಶ ಇದೆ. ಆದರೆ ನಾನು ಆಗಷ್ಟೇ ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿದ್ದೆ. ಬೇಡ ಕಾಕಾ ಎಂದೆ. ಬಿಲ್ಲೆಯನ್ನು ಆಫೀಸಿಗೆ ವಾಪಸ್ ಕೊಟ್ಟು ಬಂದೆ. ಗುಮಾಸ್ತರು ರಿಜಿಸ್ಟರಿನಲ್ಲಿ ಬರೆದುಕೊಂಡು ಅದನ್ನು ಡ್ರಾಯರಿಗೆ ಹಾಕಿದರು. ಟಣ್ ಎಂದು ಸದ್ದಾಯಿತು. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಹತ್ತು ವರ್ಷವಾದ ಮೇಲೆ ಆ ಸದ್ದು ಮತ್ತೆ ಯಾಕೆ ನೆನಪಾಯಿತು ಎಂದು ಹೇಳುತ್ತೇನೆ. ನನ್ನ ಹಾಗೆಯೇ ಸುದ್ದಿಗಿಷ್ಟು ಎಂದು ದುಡ್ಡು ಪಡೆದು ಬರೆಯುತ್ತಿದ್ದ ಗೆಳೆಯನೊಬ್ಬ, ರಾತ್ರಿ ಸುದ್ದಿ ಮಾಡಿ ಬೈಕಿನಲ್ಲಿ ಬರುವಾಗ ಲಾರಿ ಬಡಿದು ಸತ್ತ. ಅವನು ಬರೆಯುತ್ತಿದ್ದ ಪತ್ರಿಕೆಗೆ ಫೋನ್ ಮಾಡಿದೆವು. "ಅವರು ನಮ್ಮ ಎಂಪ್ಲಾಯಿ ಅಲ್ಲ" ಎಂಬ ಉತ್ತರ ಬಂತು. ಅವನ ಜೇಬಿನಲ್ಲಿ ಆಧಾರ್ ಇತ್ತು, ಪ್ಯಾನ್ ಇತ್ತು, ವೋಟರ್ ಕಾರ್ಡ್ ಇತ್ತು, ಎಟಿಎಂ ಕಾರ್ಡ್ ಇತ್ತು. ಅವನು ಯಾರವನು ಎಂದು ಹೇಳುವ ಒಂದು ಬಿಲ್ಲೆ ಇರಲಿಲ್ಲ. ಮಣ್ಣಿಗೆ ನಾವು ಹೋದದ್ದು ಐದೇ ಜನ.

ರೆಂಬ್ರಾಂಟ್ ಎಂಬ ಗಿರಣಿಯವನ ಮಗ

ಆ ದಿನಗಳಲ್ಲೇ ಒಂದು ರಾತ್ರಿ ಮೊಬೈಲ್ ನೋಡುತ್ತಾ ಕೂತಿದ್ದಾಗ ಒಂದು ಫೋಟೋ ಕಣ್ಣಿಗೆ ಬಿತ್ತು. ಒಂದು ಹಳೇ ಲೋಹದ ಬಿಲ್ಲೆ. ಅದರ ಮೇಲೆ ಒಂದು ಹೆಸರು, 1634 ಎಂಬ ವರ್ಷ, ‘ಎಸ್’ ಎಂಬ ಒಂದು ಅಕ್ಷರ. ನೋಡಿದ ಕೂಡಲೇ ಅಪ್ಪನ ರಟ್ಟೆ ನೆನಪಾಯಿತು.

ಆ ಬಿಲ್ಲೆ ರೆಂಬ್ರಾಂಟ್ ಎಂಬ ಡಚ್ ಚಿತ್ರಕಾರನದು. ಜಗತ್ತಿನ ದೊಡ್ಡ ಚಿತ್ರಕಾರರನ್ನು ಎಣಿಸುವಾಗ ಮೊದಲ ಸಾಲಿನಲ್ಲೇ ಬರುವ ಹೆಸರು. ಇವತ್ತು ಅವನ ಒಂದೊಂದು ಚಿತ್ರಕ್ಕೆ ನೂರಾರು ಕೋಟಿ ರೂಪಾಯಿ. ಆದರೆ 1634ರಲ್ಲಿ ಅವನು ಲೈಡನ್ ಎಂಬ ಊರಿನಿಂದ ಆಮ್‌ಸ್ಟರ್‌ಡ್ಯಾಂಗೆ ದುಡಿಯಲು ಬಂದಿದ್ದ ಇಪ್ಪತ್ತೆಂಟರ ಹುಡುಗ. ಗಿರಣಿಯವನ ಮಗ. ಆ ಊರಿನಲ್ಲಿ ಸ್ವಂತ ಹೆಸರಿನಲ್ಲಿ ಕೆಲಸ ಹಿಡಿಯಬೇಕಾದರೆ ಚಿತ್ರಕಾರರ ಗಿಲ್ಡ್‌ಗೆ ಸೇರಲೇಬೇಕಿತ್ತು. ಅವನು ಸೇರಿದ. ಗಿಲ್ಡ್ ಅವನಿಗೆ ಬಿಲ್ಲೆ ಕೊಟ್ಟಿತು. ಅದರ ಮೇಲೆ ‘ರೆಂಬ್ರಾಂಟ್ ಹರ್ಮನ್ಸ್’ ಎಂದು ಕೆತ್ತಿದ್ದಾರೆ, ಹರ್ಮನ್‌ನ ಮಗ ಎಂದು ಅರ್ಥ. ‘ಎಸ್’ ಎಂದರೆ ‘ಸ್ಖಿಲ್ಡರ್’, ಡಚ್ ಭಾಷೆಯಲ್ಲಿ ಚಿತ್ರಕಾರ. ಅವನ ಹೆಸರು, ಅಪ್ಪನ ಹೆಸರು, ಕಸುಬು, ಸೇರಿದ ವರ್ಷ. ಅಷ್ಟೇ.

ಗಿಲ್ಡ್ ಎಂದರೆ ಒಂದು ಕಸುಬಿನವರ ಸಂಘ. ನಮ್ಮ ಹಳೇ ಶಾಸನಗಳು ಇಂಥದ್ದನ್ನೇ ‘ಶ್ರೇಣಿ’ ಎನ್ನುತ್ತವೆ. ಯುರೋಪಿನ ಊರುಗಳಲ್ಲಿ ಬಡಗಿ, ಕಮ್ಮಾರ, ರೊಟ್ಟಿ ಸುಡುವವ, ಚಮ್ಮಾರ, ದರ್ಜಿ, ವೈದ್ಯ ಎಲ್ಲರಿಗೂ ತಮ್ಮ ತಮ್ಮ ಗಿಲ್ಡ್ ಇತ್ತು. ಯಾರು ಕೆಲಸ ಕಲಿಯಬಹುದು, ಯಾರು ಅಂಗಡಿ ಇಡಬಹುದು, ಮಾಲು ಹೇಗಿರಬೇಕು ಎಂಬುದೆಲ್ಲ ಗಿಲ್ಡ್‌ನ ಕೈಯಲ್ಲಿತ್ತು.

ಆ ಬಿಲ್ಲೆ ಯಾವುದಕ್ಕೆ ಬಳಕೆಯಾಗುತ್ತಿತ್ತು ಎಂದು ಓದಿದಾಗ ನಾನು ಮೊಬೈಲ್ ಕೆಳಗಿಟ್ಟೆ. ಅದರ ಮುಖ್ಯ ಕೆಲಸ ಸಾವಿನ ಮನೆಯದು. ಗಿಲ್ಡ್‌ನ ಒಬ್ಬ ಸದಸ್ಯ ಸತ್ತರೆ ಉಳಿದವರೆಲ್ಲ ಮಣ್ಣಿಗೆ ಹೋಗಬೇಕು. ಹೋದವರು ತಮ್ಮ ಬಿಲ್ಲೆ ಒಪ್ಪಿಸಿ ಬಂದಿದ್ದೇನೆಂದು ತೋರಿಸಬೇಕು. ಯಾರ ಬಿಲ್ಲೆ ಬರಲಿಲ್ಲವೋ ಅವನಿಗೆ ದಂಡ. ಅದಕ್ಕೇ ಇವುಗಳನ್ನು ಡಚ್ಚರು ಶವಸಂಸ್ಕಾರದ ಬಿಲ್ಲೆ ಎಂದೇ ಕರೆಯುತ್ತಾರೆ. ಎಷ್ಟೇ ದೊಡ್ಡ ಚಿತ್ರಕಾರನಾದರೂ ಸರಿ, ಪಕ್ಕದ ಓಣಿಯ ಬಡ ಚಿತ್ರಕಾರ ಸತ್ತರೆ ಬಿಲ್ಲೆ ಹಿಡಿದುಕೊಂಡು ನಡೆಯಲೇಬೇಕು.

ನಮ್ಮ ಓಣಿಗೆ ಬಂದ ಕೆಂಪು ಅಂಗಿಗಳ ಸಾಲು ನನಗೆ ಮತ್ತೆ ಕಂಡಿತು. ಅವರಿಗೆ ಯಾರೂ ದಂಡ ಹಾಕುತ್ತಿರಲಿಲ್ಲ. ಆದರೂ ಎಲ್ಲರೂ ಬಿಲ್ಲೆ ಕಟ್ಟಿಕೊಂಡೇ ಬಂದಿದ್ದರು.

ಅಲ್ಲಿಯೂ ಹಮಾಲರಿದ್ದರು

ಬಿಲ್ಲೆ ಬರೀ ಚಿತ್ರಕಾರರಿಗೆ, ಅಕ್ಕಸಾಲಿಗರಿಗೆ ಇತ್ತು ಎಂದುಕೊಳ್ಳಬೇಡಿ. ಆಮ್‌ಸ್ಟರ್‌ಡ್ಯಾಂನಲ್ಲಿ ಭಾರ ಹೊರುವವರಿಗೂ ಗಿಲ್ಡ್ ಇತ್ತು. ಹಡಗಿನಿಂದ ಕಾಳು ಇಳಿಸುವವರದು ಒಂದು, ಬಿಯರ್ ಪೀಪಾಯಿ ಹೊರುವವರದು ಒಂದು, ಒಲೆಗೆ ಹಾಕುವ ಒಣ ಮಣ್ಣಿನ ಇಟ್ಟಿಗೆ ಹೊರುವವರದು ಇನ್ನೊಂದು. ಗಿಲ್ಡ್‌ನವರು ಒಂದು ಡಬ್ಬಿ ಇಟ್ಟಿರುತ್ತಿದ್ದರು. ಸದಸ್ಯರು ಅದಕ್ಕೆ ಪುಡಿಗಾಸು ಹಾಕುತ್ತಾ ಬರಬೇಕು. ಕಾಯಿಲೆ ಬಿದ್ದವನಿಗೆ, ಮುದುಕನಾದವನಿಗೆ ಅದರಿಂದ ನೆರವು. ನಮ್ಮ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಉಳಿತಾಯದ ಪೆಟ್ಟಿಗೆ ಗೊತ್ತಲ್ಲ, ಹೆಚ್ಚು ಕಡಿಮೆ ಅದೇ ಲೆಕ್ಕ.

ಅಂಥ ಒಂದು ಹಮಾಲರ ಗಿಲ್ಡ್ ಇವತ್ತಿಗೂ ಉಳಿದಿದೆ. ನೆದರ್ಲೆಂಡ್ಸ್‌ನ ಅಲ್ಕ್‌ಮಾರ್ ಎಂಬ ಊರಿನ ಚೀಸ್ ಹೊರುವವರ ಗಿಲ್ಡ್ ಅದು. ಚೀಸ್ ಎಂದರೆ ಹಾಲಿನಿಂದ ಮಾಡಿದ ಗಿಣ್ಣು, ಅಲ್ಲಿ ಅದು ಚಕ್ರದಷ್ಟು ದೊಡ್ಡದು. ಈ ಗಿಲ್ಡ್ 1593ರಿಂದ ಇದೆ. ಒಳಗೆ ನಾಲ್ಕು ತಂಡ, ಕೆಂಪು, ಹಸಿರು, ನೀಲಿ, ಹಳದಿ ಎಂದು ತಂಡಕ್ಕೊಂದು ಬಣ್ಣದ ಟೋಪಿ. ಇಬ್ಬಿಬ್ಬರು ಸೇರಿ ಮರದ ಹೊರೆಯನ್ನು ಹೆಗಲ ಪಟ್ಟಿಗೆ ತೂಗುಹಾಕಿಕೊಂಡು, ನೂರು ಕೆಜಿಗೂ ಹೆಚ್ಚು ಭಾರವನ್ನು ಓಡುನಡಿಗೆಯಲ್ಲಿ ಸಾಗಿಸುತ್ತಾರೆ. ಮುಖಂಡನಿಗೆ ‘ಚೀಸಪ್ಪ’ ಎಂದೇ ಹೆಸರು. ತಡವಾಗಿ ಬಂದವನ ಹೆಸರನ್ನು ‘ನಾಚಿಕೆ ಹಲಗೆ’ ಮೇಲೆ ಬರೆಯುತ್ತಾರೆ. ಈಗ ಅದು ಹೆಚ್ಚಾಗಿ ಪ್ರವಾಸಿಗರ ಸಲುವಾಗಿ ನಡೆಯುವ ಸಂತೆ, ನಿಜ. ಆದರೆ ಹೊರುವವರು ಆ ಟೋಪಿಯನ್ನು ಹೇಗೆ ಹಾಕಿಕೊಳ್ಳುತ್ತಾರೆ ನೋಡಿ, ಮದುಮಗ ಬಾಸಿಂಗ ಕಟ್ಟಿಕೊಂಡ ಹಾಗೆ.

ನಮ್ಮಲ್ಲಿ? 2016ರ ರೈಲ್ವೆ ಬಜೆಟ್‌ನಲ್ಲಿ ‘ಕೂಲಿ’ ಎಂಬ ಹೆಸರು ತೆಗೆದು ‘ಸಹಾಯಕ’ ಎಂದು ಕರೆಯುವುದಾಗಿ ಹೇಳಿದರು. ಹೆಸರು ಬದಲಾದದ್ದು ಒಳ್ಳೆಯದೇ. ಅಷ್ಟರಲ್ಲಿ ಗಾಲಿಯ ಸೂಟ್‌ಕೇಸ್ ಬಂದಿತ್ತು. ಹೊರಲು ಸಾಮಾನೇ ಉಳಿಯಲಿಲ್ಲ. ‘ದೀವಾರ್’ ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಎದೆಗೆ ಇಟ್ಟುಕೊಂಡಿದ್ದ 786 ನಂಬರಿನ ಬಿಲ್ಲೆಗೆ ಥಿಯೇಟರಿನಲ್ಲಿ ಶಿಳ್ಳೆ ಹೊಡೆದ ಜನವೇ, ಸ್ಟೇಷನ್ನಿನಲ್ಲಿ ನಿಜವಾದ ಬಿಲ್ಲೆಯವನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಿದೆವು.

ಓದು ಬಾರದವನಿಗೂ ತಿಳಿಯುವ ಚಿತ್ರ

ಈ ಬಿಲ್ಲೆಗಳು ನೋಡಲಿಕ್ಕೂ ಚೆಂದ. ಮ್ಯೂಸಿಯಂನವರು ಇವನ್ನು ಕಲೆ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ.

ಪ್ಯಾರಿಸ್ ನಗರದ ನಡುವೆ ಸೇನ್ ಎಂಬ ನದಿ ಹರಿಯುತ್ತದೆ. 19ನೇ ಶತಮಾನದಲ್ಲಿ ಅದರ ಕೆಸರಿನಿಂದ ರಾಶಿ ರಾಶಿ ಸೀಸದ ಬಿಲ್ಲೆಗಳು ಸಿಕ್ಕವು. ಆರ್ತರ್ ಫೋರ್ಜೆ ಎಂಬವನು ಅವನ್ನೆಲ್ಲ ಕೂಡಿಹಾಕಿ, 1862ರಲ್ಲಿ ಕಸುಬಿನ ಸಂಘಗಳ ಬಿಲ್ಲೆಗಳ ಬಗ್ಗೆಯೇ ಒಂದು ಪುಸ್ತಕ ತಂದ. ಇಂಥ ಬಿಲ್ಲೆಗಳಲ್ಲಿ ಕಾಣುವುದು ಎರಡು ಸಂಗತಿ. ಒಂದು, ಆ ಕಸುಬಿನವರು ನಡೆದುಕೊಳ್ಳುವ ಸಂತ. ಇನ್ನೊಂದು, ಅವರ ಉಪಕರಣ. ಕಮ್ಮಾರರಿಗೆ, ಅಕ್ಕಸಾಲಿಗರಿಗೆ ಎಲಿಜಿಯಸ್ ಸಂತ ಮತ್ತು ಸುತ್ತಿಗೆ. ಚಮ್ಮಾರರಿಗೆ ಕ್ರಿಸ್ಪಿನ್ ಸಂತ. ರೊಟ್ಟಿ ಸುಡುವವರಿಗೆ ಹೊನೊರೆ ಸಂತ ಮತ್ತು ಭಟ್ಟಿಗೆ ರೊಟ್ಟಿ ತಳ್ಳುವ ಉದ್ದ ಹಿಡಿಕೆಯ ಹಲಗೆ. ಒಂದು ಕಡೆ ಮನೆದೇವರು, ಇನ್ನೊಂದು ಕಡೆ ದುಡಿಮೆ. ನಮ್ಮವ್ವ ಜಗಲಿ ಮೇಲೆ ಬಿಲ್ಲೆ ಇಟ್ಟಾಗ ಮಾಡುತ್ತಿದ್ದುದು ಇದೇ ಅಲ್ಲವೇ?

ರೂಪಾಯಿ ನಾಣ್ಯದಷ್ಟು ಜಾಗ. ಅದರಲ್ಲಿ ಒಂದು ಗರಗಸ ಗರಗಸದ ಹಾಗೆಯೇ ಕಾಣಬೇಕು, ಕುಡಗೋಲು ಅನ್ನಿಸಬಾರದು. ಕೆತ್ತುವವನಿಗೆ ಆ ಉಪಕರಣದ ಪರಿಚಯ ಚೆನ್ನಾಗಿ ಇರಬೇಕು. ನೋಡುವವನಿಗೆ ಅಕ್ಷರ ಬರಬೇಕಾಗಿಲ್ಲ. ಅಂದಿನ ದುಡಿಯುವ ಜನರಲ್ಲಿ ಬಹುಪಾಲು ಮಂದಿಗೆ ಓದು ಬರುತ್ತಿರಲಿಲ್ಲ, ಆದರೆ ತನ್ನ ಸುತ್ತಿಗೆ ತನಗೆ ಗೊತ್ತಾಗುತ್ತಿತ್ತು. ಈಗ ನಮ್ಮ ಕಾರ್ಡಿನ ಮೇಲಿರುವ ಕ್ಯೂಆರ್ ಕೋಡ್ ನೋಡಿ. ಓದು ಬಂದವನಿಗೂ ಅದರಲ್ಲಿ ಏನಿದೆ ತಿಳಿಯದು. ಅದನ್ನು ಓದಲು ಯಂತ್ರವೇ ಬೇಕು.

ಸೀಸದ ಬಿಲ್ಲೆಗೆ ಇನ್ನೊಂದು ಕೆಲಸವೂ ಇತ್ತು. ರೆಂಬ್ರಾಂಟ್ 1662ರಲ್ಲಿ ಬರೆದ ಒಂದು ಪ್ರಸಿದ್ಧ ಚಿತ್ರವಿದೆ. ಕಪ್ಪು ಬಟ್ಟೆ, ಬಿಳಿ ಕಾಲರ್, ದೊಡ್ಡ ಟೋಪಿ ಹಾಕಿದ ಐವರು ಮೇಜಿನ ಸುತ್ತ ಇದ್ದಾರೆ, ಹಿಂದೆ ಅವರ ಆಳು ನಿಂತಿದ್ದಾನೆ. ಅವರು ಬಣ್ಣ ಹಾಕಿದ ಉಣ್ಣೆ ಬಟ್ಟೆಯ ಗುಣಮಟ್ಟ ನೋಡುವವರು. ಬಟ್ಟೆಗೆ ಸೀಸದ ಸಣ್ಣ ಬಿಲ್ಲೆ ಸಿಕ್ಕಿಸಿ ಇಕ್ಕಳದಿಂದ ಮುದ್ರೆ ಒತ್ತುತ್ತಿದ್ದರು. ಉತ್ತಮ ಮಾಲಿಗೆ ನಾಲ್ಕು ಮುದ್ರೆ, ಕಳಪೆಗೆ ಒಂದು. ಎಪಿಎಂಸಿಯಲ್ಲಿ ನಮ್ಮ ಮೆಣಸಿನಕಾಯಿಗೆ, ಹತ್ತಿಗೆ ಯಾರೋ ಬಂದು ಕೈಯಾಡಿಸಿ ‘ಎರಡನೇ ನಂಬರ್ ಮಾಲು’ ಎಂದು ಹೋಗುತ್ತಾರಲ್ಲ, ಅದಕ್ಕೆ ಸಾಕ್ಷಿಯೂ ಇಲ್ಲ, ಮುದ್ರೆಯೂ ಇಲ್ಲ. ಅಲ್ಲಿ ಹೇಳಿದವನು ತನ್ನ ಮಾತನ್ನು ಲೋಹದಲ್ಲಿ ಒತ್ತಿ ಬಟ್ಟೆಯ ಜೊತೆಗೇ ಕಳಿಸಬೇಕಿತ್ತು.

ನಮ್ಮ ಐಹೊಳೆಯ ಐನೂರು ಜನ

ಇದೆಲ್ಲ ಬಿಳಿಯರ ದೇಶದ ಕಥೆ, ನಮಗೇನು ಎನ್ನಬೇಡಿ. ಬಿಹಾರದ ವೈಶಾಲಿಯ ಬಸಾಢ್ ಎಂಬಲ್ಲಿ 1903-04ರಲ್ಲಿ ಅಗೆದಾಗ ಗುಪ್ತರ ಕಾಲದ ಮಣ್ಣಿನ ಮುದ್ರೆಗಳು ನೂರಾರು ಸಂಖ್ಯೆಯಲ್ಲಿ ಸಿಕ್ಕವು. ಶ್ರೇಷ್ಠಿಗಳು, ಸಾರ್ಥವಾಹರು, ಕುಲಿಕರು, ಅಂದರೆ ಲೇವಾದೇವಿಯವರು, ಗಾಡಿ ಕಟ್ಟಿಕೊಂಡು ವ್ಯಾಪಾರಕ್ಕೆ ಹೋಗುವವರು, ಕಸುಬುದಾರರು, ಇವರ ಕೂಟದ ಹೆಸರು ಆ ಮುದ್ರೆಗಳ ಮೇಲಿತ್ತು. ಕಳಿಸುವ ಪತ್ರಕ್ಕೆ, ಮಾಲಿಗೆ ಒತ್ತುತ್ತಿದ್ದ ಮುದ್ರೆ. ಇದು ನಮ್ಮದು ಎಂಬ ಮಾತನ್ನು ಹಸಿ ಮಣ್ಣು ಹೊತ್ತುಕೊಂಡು ಹೋಗುತ್ತಿತ್ತು.

ಮಧ್ಯಪ್ರದೇಶದ ಮಂದಸೌರ್‌ನ ಶಾಸನದ ಕಥೆ ಇನ್ನೂ ಹತ್ತಿರದ್ದು. ಗುಜರಾತ್ ಕಡೆಯಿಂದ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿ 5ನೇ ಶತಮಾನದಲ್ಲಿ ಅಲ್ಲಿ ಸೂರ್ಯನ ಗುಡಿ ಕಟ್ಟಿಸಿತು. ಹೊಸ ಊರಿಗೆ ಬಂದ ಮೇಲೆ ಅವರಲ್ಲಿ ಕೆಲವರು ಬಿಲ್ಲು ಹಿಡಿದರು, ಕೆಲವರು ಜ್ಯೋತಿಷ್ಯ ಕಲಿತರು, ಕೆಲವರು ಮಗ್ಗದಲ್ಲೇ ಉಳಿದರು. ಆದರೂ ಎಲ್ಲರೂ ಸೇರಿ, ನಾವು ನೇಕಾರರ ಶ್ರೇಣಿಯವರು ಎಂದೇ ಕಲ್ಲಿನಲ್ಲಿ ಬರೆಸಿದರು. ಮೂವತ್ತಾರು ವರ್ಷದ ಮೇಲೆ ಗುಡಿ ಹಾಳಾದಾಗ ಮತ್ತೆ ಅದೇ ಶ್ರೇಣಿ ದುರಸ್ತಿ ಮಾಡಿಸಿತು. ಇಳಕಲ್ಲಿನ, ಗುಳೇದಗುಡ್ಡದ ನೇಕಾರರ ಮಕ್ಕಳು ಇವತ್ತು ಬೆಂಗಳೂರಿನಲ್ಲಿ ಬೇರೆ ಬೇರೆ ಕೆಲಸದಲ್ಲಿದ್ದಾರೆ. ಊರಿನ ಮಗ್ಗಕ್ಕೆ ಅವರು ಏನಾಗಬೇಕು ಎಂದು ಈ ಶಾಸನ ಕೇಳುವಂತಿದೆ.

ಇನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆ. ಶಾಲೆಯಿಂದ ಟ್ರಿಪ್‌ಗೆ ಹೋಗಿ ದುರ್ಗದ ಗುಡಿ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಆದರೆ ಒಂದು ಕಾಲಕ್ಕೆ ಈ ಊರಿನ ಹೆಸರು ಸಮುದ್ರದಾಚೆಗೂ ಹೋದದ್ದು ವ್ಯಾಪಾರಿಗಳಿಂದ. ‘ಅಯ್ಯಾವೊಳೆ ಐನೂರ್ವರು’ ಎಂಬುದು ಅವರ ಸಂಘದ ಹೆಸರು. ಅವರು ಏಲಕ್ಕಿ, ಲವಂಗ, ಗಂಧ, ಕರ್ಪೂರ, ಮುತ್ತು, ಮಾಣಿಕ್ಯ, ಕುದುರೆ, ಆನೆಗಳ ವ್ಯಾಪಾರ ಮಾಡುತ್ತ ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ತಿರುಗುತ್ತಿದ್ದರು ಎಂದು ಶಿಕಾರಿಪುರದ 11ನೇ ಶತಮಾನದ ಶಾಸನ ವರ್ಣಿಸುತ್ತದೆ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ, ಅದೂ ಐನೂರ್ವರದೇ. ಎಲ್ಲೇ ಹೋಗಲಿ, ಯಾವ ಭಾಷೆಯಲ್ಲೇ ಬರೆಸಲಿ, ತಾವು ಐಹೊಳೆಯ ದೇವಿಯ ಮಕ್ಕಳು ಎನ್ನುವುದನ್ನು ಅವರು ಬಿಡಲಿಲ್ಲ.

ಅವರ ಗುರುತು ಕಲ್ಲಿನ ಮೇಲಿತ್ತು. ನಮ್ಮ ಶಾಸನಗಳು ಅವರ ಬಾವುಟವನ್ನು ‘ಗುಡ್ಡಧ್ವಜ’ ಎನ್ನುತ್ತವೆ. ತಮಿಳುನಾಡು, ಶ್ರೀಲಂಕಾದಲ್ಲಿ ಅವರು ನಿಲ್ಲಿಸಿದ ಕಲ್ಲುಗಳ ಮೇಲೆ ಕುಡಗೋಲು, ನೇಗಿಲು, ಕತ್ತಿ, ಛತ್ರಿ, ದೀಪ ಇಂಥ ಚಿತ್ರಗಳನ್ನು ಕೆತ್ತಿದ್ದಾರೆ. ಆನೆ, ಕುದುರೆ ಮಾರುವಷ್ಟು ದೊಡ್ಡ ವ್ಯಾಪಾರಿಗಳ ಕಲ್ಲಿನಲ್ಲೂ ಕುಡಗೋಲಿಗೆ ಜಾಗವಿತ್ತು. ನನಗೆ ಇದು ಬಹಳ ದೊಡ್ಡ ಮಾತು ಎನ್ನಿಸುತ್ತದೆ.

ಬಿಲ್ಲೆಯ ಇನ್ನೊಂದು ಮುಖ

ಇಷ್ಟು ಹೊಗಳಿ ಅಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸುದ್ದಿ ಬರೆದ ಹಾಗೆ. ಬಿಲ್ಲೆ ಕೆಲವರನ್ನು ಒಳಗೆ ಕರೆಯುತ್ತದೆ, ಹಾಗೆಯೇ ಕೆಲವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಆಮ್‌ಸ್ಟರ್‌ಡ್ಯಾಂನಲ್ಲಿ ಯಹೂದಿಗಳು ಗಿಲ್ಡ್‌ಗಳ ಕಸುಬು ಮಾಡುವಂತಿಲ್ಲ ಎಂದು 1632ರಲ್ಲೇ ಕಟ್ಟಳೆ ಮಾಡಿದ್ದರು. ಕೆಲವೇ ಕೆಲವು ಗಿಲ್ಡ್‌ಗಳು ಅವರಿಗೆ ತೆರೆದಿದ್ದವು. ಸ್ವತಃ ರೆಂಬ್ರಾಂಟ್‌ಗೆ ಏನಾಯಿತು ನೋಡಿ. 1656ರಲ್ಲಿ ಸಾಲ ತೀರಿಸಲಾಗದೆ ದಿವಾಳಿಯಾದ. ಮನೆ ಹೋಯಿತು, ಕೂಡಿಟ್ಟ ಚಿತ್ರಗಳು ಹರಾಜಾದವು. ಹೀಗೆ ದಿವಾಳಿಯೆದ್ದವನು ಚಿತ್ರಕಾರನಾಗಿ ವ್ಯಾಪಾರ ಮಾಡುವಂತಿಲ್ಲ ಎಂದು ಅವನ ಗಿಲ್ಡೇ ನಿಯಮ ತಂದಿತು. ಕೊನೆಗೆ 1660ರಲ್ಲಿ ಅವನ ಸಂಗಾತಿ ಹೆಂಡ್ರಿಕ್ಯೆ ಮತ್ತು ಮಗ ಟೈಟಸ್ ತಮ್ಮ ಹೆಸರಿನಲ್ಲಿ ವ್ಯವಹಾರ ಶುರು ಮಾಡಿ, ರೆಂಬ್ರಾಂಟ್‌ನನ್ನು ಅದರಲ್ಲಿ ಕೆಲಸಗಾರನಾಗಿ ಇಟ್ಟುಕೊಂಡರು. ಬಟ್ಟೆ ಪರೀಕ್ಷಕರ ಆ ದೊಡ್ಡ ಚಿತ್ರವನ್ನು ಅವನು ಬರೆದದ್ದು ಇದಾದ ಎರಡು ವರ್ಷಕ್ಕೆ. 1669ರಲ್ಲಿ ಸತ್ತಾಗ ಅವನನ್ನು ಹೂತ ಜಾಗಕ್ಕೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಬಿಲ್ಲೆ ಮಾತ್ರ ಉಳಿಯಿತು.

ಡಚ್ಚರು 1798ರಲ್ಲಿ ಸಂವಿಧಾನ ಬರೆದಾಗ ಗಿಲ್ಡ್‌ಗಳನ್ನೇ ರದ್ದು ಮಾಡಿದರು. ಫ್ರಾನ್ಸ್ ಅದಕ್ಕೂ ಮೊದಲೇ, 1791ರಲ್ಲಿ ರದ್ದು ಮಾಡಿತ್ತು. ಯಾರು ಬೇಕಾದರೂ ಯಾವ ಕಸುಬು ಬೇಕಾದರೂ ಮಾಡಬಹುದು ಎಂಬುದು ಸಣ್ಣ ಗೆಲುವಲ್ಲ.

ನಮ್ಮ ದೇಶದಲ್ಲಿ ಈ ಮಾತು ಇನ್ನೂ ಕಹಿಯಾಗಿದೆ. ನಮ್ಮಲ್ಲಿ ಕಸುಬು ಹುಟ್ಟಿನಿಂದಲೇ ಹಣೆಗೆ ಅಂಟುತ್ತಿತ್ತು. ಚರಂಡಿ ಬಳಿಯುವವನಿಗೆ, ಸತ್ತ ದನ ಎತ್ತುವವನಿಗೆ ಅವನ ಕಸುಬಿನ ಗುರುತು ಹೆಮ್ಮೆ ಕೊಡಲಿಲ್ಲ, ಊರ ಹೊರಗೆ ಇಟ್ಟಿತು. ಆದ್ದರಿಂದ ಹಳೇ ಕಾಲ ವಾಪಸ್ ಬರಲಿ ಎಂದು ನಾನು ಹೇಳುತ್ತಿಲ್ಲ. ಅಪ್ಪನ ಬಿಲ್ಲೆ ಬೇಡ ಎನ್ನುವ ಹಕ್ಕು ನನಗೆ ಇತ್ತು, ಆ ಹಕ್ಕು ಎಲ್ಲರಿಗೂ ಇರಬೇಕು. ನಾನು ಕೇಳುತ್ತಿರುವುದು ಬೇರೆ. ಬೇಡ ಎಂದು ಬಂದ ಮೇಲೆ ನಾವು ಏನು ಕಟ್ಟಿಕೊಂಡೆವು?

ಮೇಲಿನಿಂದ ಬಂದ ಕಾರ್ಡು

ಕಾರ್ಡುಗಳಿಗೆ ಈಗ ಬರ ಇಲ್ಲ. ಅಸಂಘಟಿತ ಕಾರ್ಮಿಕರಿಗೆಂದು 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಬಂತು, ಹನ್ನೆರಡು ಅಂಕಿಯ ನಂಬರ್ ಕೊಟ್ಟರು. ಕಟ್ಟಡ ಕಾರ್ಮಿಕರಿಗೆ ಮಂಡಳಿಯ ಕಾರ್ಡಿದೆ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಪ್ರಕಾರ ಗುರುತಿನ ಚೀಟಿ ಕೊಡಬೇಕು. ಇವೆಲ್ಲ ಬೇಕು. ಮಾಡಿಸದೇ ಇದ್ದವರು ಇವತ್ತೇ ಗ್ರಾಮ ಒನ್‌ಗೆ ಹೋಗಿ ವಿಚಾರಿಸಿ. ಕಟ್ಟಡ ಕಾರ್ಮಿಕ ಸತ್ತರೆ ಅಂತ್ಯಕ್ರಿಯೆಗೂ ಮಂಡಳಿಯಿಂದ ನೆರವಿದೆ, ಅದು ನಿಮ್ಮದೇ ಹಕ್ಕು.

ಆದರೆ ಈ ಕಾರ್ಡು ನನ್ನನ್ನು ಸರ್ಕಾರಕ್ಕೆ ತೋರಿಸುತ್ತದೆ, ನನ್ನ ಪಕ್ಕದಲ್ಲಿ ದುಡಿಯುವವನಿಗೆ ತೋರಿಸುವುದಿಲ್ಲ. ಒಂದೇ ಊರಿನ ನಲವತ್ತು ಗಾರೆ ಕೆಲಸದವರ ಹತ್ತಿರ ನಲವತ್ತು ಕಾರ್ಡು ಇರುತ್ತದೆ. ನಲವತ್ತು ಜನ ಒಂದು ಕಡೆ ಕೂತು ಮಾತಾಡಿದ್ದು ಒಂದು ಸಲವೂ ಇರುವುದಿಲ್ಲ. ಒಬ್ಬ ಸಾರುವೆಯಿಂದ ಬಿದ್ದರೆ ಅರ್ಜಿ ಯಾರು ಬರೆಯಬೇಕು, ಆಸ್ಪತ್ರೆಗೆ ಯಾರು ಹೋಗಬೇಕು, ಅವನ ಹೆಂಡತಿಗೆ ಸುದ್ದಿ ಯಾರು ಮುಟ್ಟಿಸಬೇಕು, ಯಾವುದೂ ಗೊತ್ತಿರುವುದಿಲ್ಲ.

ನೀವು ಕೇಳಬಹುದು, ನಿಮ್ಮಪ್ಪನ ಬಿಲ್ಲೆಯನ್ನೂ ಸರ್ಕಾರವೇ ಕೊಟ್ಟಿದ್ದಲ್ಲವೇ ಎಂದು. ಹೌದು, ರೈಲ್ವೆಯೇ ಕೊಟ್ಟಿದ್ದು. ರೈಲ್ವೆ ನಂಬರ್ ಹಾಕಿದ್ದು ತನ್ನ ಲೆಕ್ಕಕ್ಕೆ, ಯಾರಾದರೂ ಸಾಮಾನು ಕದ್ದರೆ ಹಿಡಿಯಲಿಕ್ಕೆ. ಅದನ್ನು ತಮ್ಮದು ಮಾಡಿಕೊಂಡವರು ಹಮಾಲರು. ಯಾವ ಡಬ್ಬಿ ಯಾರಿಗೆ, ಸರದಿ ಹೇಗೆ, ಮುದುಕನಿಗೆ ಹಗುರ ಸಾಮಾನು ಬಿಡಬೇಕು, ಸತ್ತವನ ಮನೆಗೆ ಎಲ್ಲರೂ ಹೋಗಬೇಕು. ಈ ಯಾವ ಮಾತನ್ನೂ ರೈಲ್ವೆಯ ರೂಲ್ ಬುಕ್ಕಿನಿಂದ ಅವರು ಕಲಿತದ್ದಲ್ಲ. ಪ್ಲಾಟ್‌ಫಾರ್ಮಿನ ಕೊನೆಯ ಬೇವಿನ ಮರದ ಕೆಳಗೆ ಕೂತು ಮಾಡಿಕೊಂಡ ಕಟ್ಟಳೆಗಳು. ಅಂದ ಮೇಲೆ ಕಾರ್ಡು ಕೊಟ್ಟವರು ಯಾರು ಎಂಬುದು ದೊಡ್ಡ ಮಾತಲ್ಲ. ಅದರ ಹಿಂದೆ ಯಾರು ನಿಂತಿದ್ದಾರೆ ಎಂಬುದೇ ಮಾತು.

ನಾವೂ ಒಂದು ಬಿಲ್ಲೆ ಹಾಕಿಸೋಣ

ನನ್ನ ಸಲಹೆ ಸಣ್ಣದು. ಪ್ರತಿ ಊರಿನಲ್ಲಿ, ಹೋಬಳಿಯಲ್ಲಿ ಒಂದೇ ಕೆಲಸ ಮಾಡುವವರು ಹತ್ತು ಜನವಾದರೂ ಸೇರಿ ಒಂದು ಬಿಲ್ಲೆ ಹಾಕಿಸಿ. ಎಪಿಎಂಸಿ ಹಮಾಲರು, ಆಟೊದವರು, ಟೈಲರ್‌ಗಳು, ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರು, ಮನೆಮನೆಗೆ ಹಾಲು ಹಾಕುವವರು, ಯಾರಾದರೂ ಸರಿ. ತಾಲೂಕಿನಲ್ಲಿ ಪಾತ್ರೆ ಮೇಲೆ ಹೆಸರು ಕೊರೆಯುವವನು ಸಿಗುತ್ತಾನೆ, ಹಿತ್ತಾಳೆಯ ತಗಡಿನಲ್ಲಿ ಅವನೇ ಮಾಡಿಕೊಡುತ್ತಾನೆ. ಒಂದು ಕಡೆ ನಿಮ್ಮ ಕೆಲಸದ ಚಿತ್ರ. ಚೀಲದ ಕೊಕ್ಕೆಯೋ, ಕತ್ತರಿಯೋ, ಹಾಲಿನ ಕ್ಯಾನೋ, ಸೌಟೋ. ಇನ್ನೊಂದು ಕಡೆ ಹೆಸರು ಮತ್ತು ಸೇರಿದ ವರ್ಷ. ರಾಜಕಾರಣಿಯ ಫೋಟೋ ಬೇಡ. ಜಾತಿಯ ಹೆಸರು ಬೇಡವೇ ಬೇಡ. ಆ ಕೆಲಸ ಮಾಡುವವರು ಯಾರೇ ಬಂದರೂ, ಹೆಣ್ಣಾಗಲಿ ಗಂಡಾಗಲಿ, ಬಿಲ್ಲೆ ಕೊಡಬೇಕು. ಸಾಲಗಾರನಾದ ಎಂದು, ಸೋತ ಎಂದು ಕಿತ್ತುಕೊಳ್ಳಬಾರದು. ರೆಂಬ್ರಾಂಟ್‌ನ ಗಿಲ್ಡ್ ಮಾಡಿದ ತಪ್ಪು ನಾವು ಮಾಡಬಾರದು.

ಬಿಲ್ಲೆ ಹಾಕಿಸುವುದು ಸುಲಭದ ಕೆಲಸ. ಅದರ ಜೊತೆಗೆ ಮೂರು ಮಾತು ಒಪ್ಪಿಕೊಳ್ಳಬೇಕು. ತಿಂಗಳಿಗೊಮ್ಮೆ ಕೂಡಬೇಕು. ಕೈಲಾದಷ್ಟು ಡಬ್ಬಿಗೆ ಹಾಕಬೇಕು. ಒಬ್ಬರ ಮನೆಯಲ್ಲಿ ಸಾವಾದರೆ ಬಿಲ್ಲೆ ತೊಟ್ಟು ಎಲ್ಲರೂ ಹೋಗಬೇಕು. ವಾಟ್ಸಾಪ್ ಗ್ರೂಪಿನಲ್ಲಿ ‘ಓಂ ಶಾಂತಿ’ ಹಾಕಿದರೆ ಹೋದ ಹಾಗಲ್ಲ.

ಮೊದಲು ನಮ್ಮಿಂದಲೇ ಶುರುವಾಗಲಿ ಎಂದು ನಮ್ಮ ತಾಲೂಕಿನ ಸ್ಟ್ರಿಂಗರ್‌ಗಳಿಗೆ ಹೇಳಿದ್ದೇನೆ. ಬೇರೆ ಬೇರೆ ಪತ್ರಿಕೆಗೆ ಬರೆಯುವವರು ನಾವು, ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಕದಿಯುವವರೂ ನಾವೇ. ಕೆಲವರು ನಕ್ಕರು. "ಏ, ನಿನಗ ನಿಮ್ಮಪ್ಪನ ಬಿಲ್ಲೆ ಹುಚ್ಚು ಹಿಡದ್ಹಾಂಗ ಕಾಣತೈತಿ" ಎಂದ ಒಬ್ಬ. ನಾಲ್ಕು ಜನ ಒಪ್ಪಿದ್ದಾರೆ. ಚಿತ್ರ ಏನಿರಬೇಕು ಎಂಬ ಬಗ್ಗೆ ಇನ್ನೂ ಜಗಳ ನಡೆದಿದೆ. ಪೆನ್ನು ಎಂದು ಒಬ್ಬ, ಮೊಬೈಲ್ ಎಂದು ಒಬ್ಬ. ನಾನು ಬೈಕ್ ಎಂದಿದ್ದೇನೆ. ತೀರಿಹೋದ ಗೆಳೆಯನಿಗೆ ನಂಬರ್ 1 ಎಂದು ಕೊಟ್ಟು, ಅವನ ಹೆಂಡತಿಯ ಕೈಗೆ ಆ ಬಿಲ್ಲೆ ಮುಟ್ಟಿಸುವುದು ಮಾತ್ರ ಜಗಳವಿಲ್ಲದೆ ತೀರ್ಮಾನವಾಗಿದೆ.

ನನಗೆ ನಂಬರ್ 31 ಇರಲಿ ಎಂದು ಕೇಳಿದ್ದೇನೆ. ಅಷ್ಟು ಜನ ಸೇರುವವರೆಗೆ ಕಾಯುತ್ತೇನೆ.

ನಿಮ್ಮ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಹಳೇ ಬಿಲ್ಲೆ ಇದ್ದರೆ, ಹಮಾಲಿಯದೋ ಕಂಡಕ್ಟರನದೋ ಮಿಲ್ಲಿನದೋ, ಹೊರಗೆ ತೆಗೆಯಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಿ. ಯಾರದು, ಏನು ಕೆಲಸ ಮಾಡುತ್ತಿದ್ದರು, ಅವರು ಹೋದ ದಿನ ಯಾರು ಯಾರು ಬಂದಿದ್ದರು ಎಂದು ಮನೆಯ ಹುಡುಗರಿಗೆ ಹೇಳಿ.